ಗುಯಿಝೆನ್‌ಗೆ ಒಂದು ಬಟ್ಟಲು ಕಷಾಯ

ಗುಯಿಝೆನ್‌ಳ ಗಂಡ ಬೋಚಾಂಗ್‌ಗೆ ಅರೆತಲೆನೋವು. ಚೀನಾದ ಹುನಾನ್‌ನ ನಮ್ಮ ಓಣಿಗೆಲ್ಲ ಅದು ಗೊತ್ತಿತ್ತು, ಏಕೆಂದರೆ ಅವನ ತಲೆ ಸಿಡಿದಾಗ ಕಿರುಚುತ್ತಿದ್ದವಳು ಅವಳು. ಗೋಡೆಯ ಈಚೆ, ಪಕ್ಕದ ಮನೆಯಲ್ಲಿ, ನಾನಿದ್ದೆ.

ವೈದ್ಯ ತಾಂಗ್ ಅವನ ಎರಡೂ ಮಣಿಕಟ್ಟಿನ ನಾಡಿ ನೋಡಿ, ನಾಲಿಗೆ ನೋಡಿ, ಕಿವಿಯ ಹಿಂದೆ ಸೂಜಿ ಚುಚ್ಚಿ, ಯಕೃತ್ತಿನ ಬೆಂಕಿ ತಲೆಗೇರಿದೆ ಎಂದಿದ್ದರು. ಆಮೇಲೆ ಅವಳ ಕಡೆ ತಿರುಗಿ, "ಇವನಿಗೆ ಸಿಟ್ಟು ಬಂದ್ರೆ ನೋವು ಬರುತ್ತಮ್ಮ. ಸಿಟ್ಟು ಬರಿಸ್ಬೇಡ" ಎಂದರು. ಹೀಗೆ ಅವನ ಕಾಯಿಲೆ ಅವಳ ಕೆಲಸವಾಯಿತು.

ಹಗಲೆಲ್ಲ ಇಟ್ಟಿಗೆ ಗೂಡಿನಲ್ಲಿ ಹೊರೆ ಹೊತ್ತು ಬಂದವಳು ತಾಂಗ್ ಕೊಟ್ಟ ಔಷಧಿ ಬೇರು ನೆನೆಸಬೇಕು, ಎರಡು ಸಲ ಕುದಿಸಿ ಸೋಸಬೇಕು, ಎರಡನ್ನೂ ಬೆರೆಸಿ ಬೆಚ್ಚಗೆ ಅವನ ಕೈಗಿಡಬೇಕು. ಸೋಸಿದ ಚರಟವನ್ನು ರಸ್ತೆಯ ನಡುವೆ ಸುರಿಯಬೇಕು. ದಾರಿಹೋಕರು ತುಳಿದರೆ ನೋವು ಅವರ ಕಾಲಿಗಂಟಿ ಹೋಗುತ್ತದೆಂದು ನಂಬಿಕೆ. ಒಮ್ಮೆ ಅವಳು ಅದನ್ನು ಅಂಚಿನಲ್ಲಿ ಸುರಿದಳು. ಮಾರನೇ ದಿನ ಅದು ಯಾರೂ ತುಳಿಯದೆ ಹಾಗೇ ಬಿದ್ದಿತ್ತು. ಬೋಚಾಂಗ್ ನೀರು ಹೊರುವ ಬಿದಿರಿನ ಅಡ್ಡೆಯಿಂದ ಅವಳ ಬೆನ್ನು, ಕುತ್ತಿಗೆ, ತಲೆ ಎನ್ನದೆ ಬಡಿದ. ಕಿವಿಯಿಂದ ರಕ್ತ ಬಂತು.

"ಕಾಯಿಲೆಯವನು ಕಣೆ, ಸ್ವಲ್ಪ ತಗ್ಗಿ ನಡಿ" ಎಂದರು ಓಣಿಯ ಹೆಂಗಸರು.

"ಇನ್ನೂ ತಗ್ಗಿದ್ರೆ ಅವಳು ನೆಲದೊಳಗೇ ಹೋಗ್ಬೇಕು" ಎಂದೆ ನಾನು.

ಆ ಏಟಿನ ನಂತರ ಗುಯಿಝೆನ್‌ಗೂ ತಲೆನೋವು ಹತ್ತಿತು. ಬೆಳಕು ಕಂಡರೆ ವಾಂತಿ, ಎಡಗಣ್ಣು ಮಂಜು. ಇಟ್ಟಿಗೆ ಹೊತ್ತು ಎರಡು ಸಲ ಬಿದ್ದಳು. ಗೂಡಿನ ಮೇಸ್ತ್ರಿ, ಇನ್ನೊಮ್ಮೆ ಬಿದ್ದರೆ ಬರುವುದೇ ಬೇಡ ಎಂದ. ಅವಳನ್ನು ತಾಂಗ್ ಬಳಿ ನಾನೇ ಕರೆದೊಯ್ದೆ.

ಮುದಿ ವೈದ್ಯರು ನಾಡಿ ಹಿಡಿದು ಹುಬ್ಬೇರಿಸಿದರು. "ಬಿಲ್ಲಿನ ಹೆದೆ ಹಾಗೆ ಬಿಗಿದಿದೆ. ನಿನ್ ಗಂಡಂದೇ ನಾಡಿ ನೋಡು! ಒಂದೇ ಮನೇಲಿ ಎರಡು ಬೆಂಕಿ!"

"ಹಾಗಾದ್ರೆ ನಂಗೆ ಸಿಟ್ಟು ಬರಿಸ್ಬೇಡ ಅಂತ ಅವನಿಗೂ ಹೇಳ್ತೀರಾ ತಾತ?"

ತಾಂಗ್ ಸೂಜಿ ಒರೆಸುತ್ತ ನಕ್ಕರು. "ಗಂಡಸಿಗೆ ಅದನ್ನ ಹೇಗಮ್ಮ ಹೇಳೋದು? ಬೇರು ಕಟ್ಟಿಸ್ಕೊಂಡು ಹೋಗು."

ಅವಳು ಕಟ್ಟಿಸಿಕೊಂಡಳು. ಆ ಸಂಜೆ ಮೊದಲ ಸಲ ಮಡಕೆಯಲ್ಲಿ ತನಗಾಗಿ ಬೇರು ಹಾಕಿ, ಒಲೆಯ ಮುಂದೆ ಕೂತಳು. ಬೋಚಾಂಗ್ ಕುಡಿದು ಬಂದ.

"ಅದು ಯಾರ್ದು?"

"ನಂದು."

"ನಿಂದಾ? ನಿಂಗ್ಯಾವ ತಲೆ ಇದೆಯೇ, ನೋಯೋಕೆ?"

ಗೋಡೆಗೆ ಏನೋ ಬಡಿದ ಸದ್ದಾಯಿತು. ಮತ್ತೆ ಬಡಿಯಿತು. ನಾನು ಓಡಿ ಬಾಗಿಲು ತಳ್ಳಿದಾಗ ಅವನು ಅವಳ ಜಡೆಯನ್ನು ಮುಷ್ಟಿಗೆ ಸುತ್ತಿ ಹಣೆಯನ್ನು ಬಾಗಿಲ ಚೌಕಟ್ಟಿಗೆ ಚಚ್ಚುತ್ತಿದ್ದ. ರಕ್ತ ಅವಳ ಕಣ್ಣಿಗಿಳಿದಿತ್ತು. ಅವಳು ಮಾತ್ರ ಮಡಕೆಯ ಹಿಡಿ ಬಿಟ್ಟಿರಲಿಲ್ಲ.

"ಒದ್ದು ಚೆಲ್ತೀನಿ ಅದನ್ನ" ಎಂದು ಅವನು ಕಾಲೆತ್ತಿದ.

ಅವಳೇ ಚೆಲ್ಲಿದಳು, ಅವನ ತೊಡೆಯ ಮೇಲೆ. ಕುದಿಯುವ ಕಪ್ಪು ನೀರು ಪ್ಯಾಂಟಿನೊಳಗೆ ಇಳಿಯಿತು. ಅವನು ಹೊರಳಾಡಿದ. ಅಂಥ ಕೂಗನ್ನು ಆ ಮನೆಯಲ್ಲಿ ಗಂಡಸಿನ ದನಿಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಚರ್ಮ ಬಟ್ಟೆಗಂಟಿ ಬಂತು.

"ಯಿನ್ ಅಕ್ಕ, ಹಿಡ್ಕೊಳ್ಳೇ ಅವಳನ್ನ! ಕೊಲ್ತಾಳೆ!"

ನಾನು ಹಿಡಿದುಕೊಂಡೆ. ಅವಳನ್ನಲ್ಲ, ಅವಳು ಸೋಸಲೆಂದು ಮಡಕೆಯನ್ನು. ತಳದಲ್ಲಿ ಅರ್ಧ ಬಟ್ಟಲು ಉಳಿದಿತ್ತು. ಅವನು ಕಾಲ ಬಳಿ ಬೊಬ್ಬಿಡುತ್ತಿರುವಾಗಲೇ ಊದಿ ಊದಿ ಕುಡಿದಳು. ಉಳಿದ ಬೇರಿನ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಗೂಡಿನಲ್ಲಿ ದುಡಿಯುವ ಹೆಂಗಸರು ಮಲಗುವ ಕೊಟ್ಟಿಗೆಗೆ ನಡೆದಳು. ಹಣೆಗೆ ನನ್ನ ಅಂಗಿಯ ತೋಳು ಹರಿದು ಕಟ್ಟಿದ್ದೆ.

ಎಡಗಣ್ಣು ಪೂರ್ತಿ ತಿಳಿಯಾಗಲಿಲ್ಲ. ವಾಂತಿ ನಿಂತಿತು. ಇಟ್ಟಿಗೆ ಹೊರುತ್ತಾಳೆ, ಬೀಳುವುದಿಲ್ಲ.

ಸುಟ್ಟ ಗಾಯ ಆರಿದ ಮೇಲೆ ಬೋಚಾಂಗ್ ಕುಂಟುತ್ತ ನನ್ನ ಬಾಗಿಲಿಗೆ ಬಂದ, ಕೈಯಲ್ಲಿ ಬೇರಿನ ಪೊಟ್ಟಣ. "ಅಕ್ಕ, ತಲೆ ಸಿಡೀತಿದೆ. ಇದನ್ನ ಕುದಿಸಿ ಕೊಡ್ತೀಯಾ?"

"ಎರಡು ಸಲ ಕುದಿಸ್ಬೇಕು" ಎಂದೆ. "ಒಲೆ ನಿಮ್ಮನೇಲೇ ಇದೆಯಲ್ಲ." ಬಾಗಿಲು ಮುಚ್ಚಿ ಚಿಲಕ ಹಾಕಿದೆ.

ಅವನು ಬಾಗಿಲಿಗೆ ಒದ್ದ. ಚಿಲಕ ಗಟ್ಟಿ ಇತ್ತು.