ಹುಣಸೆಮರದ ಬಳಿ ಬಾಗಿದ ಲೈನು

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಫ್ಲೆಕ್ಸ್ ಅಂಗಡಿಯಲ್ಲಿ ಪೂನಮ್ ಒಂಬತ್ತು ವರ್ಷದಿಂದ ಮಾಡುತ್ತ ಬಂದದ್ದು ಹೆಚ್ಚಾಗಿ ಅಳಿಸುವ ಕೆಲಸ. ಹುಟ್ಟುಹಬ್ಬದ ಬ್ಯಾನರಿಗೆ ಫೋಟೋ ತರುವವರು, ವಾಸ್ತುಶಾಂತಿಯ ಕಾರ್ಡಿಗೆ ಹೊಸ ಮನೆಯ ಚಿತ್ರ ತರುವವರು ಎಲ್ಲರೂ ಕೇಳುತ್ತಿದ್ದುದು ಒಂದೇ: ಹಿಂದಿನ ಕರೆಂಟ್ ಕಂಬ ತೆಗೆಯಿರಿ, ತಂತಿ ತೆಗೆಯಿರಿ, ಜೋಳದ ಕಣಿಕೆಯ ಬಣವೆ ತೆಗೆಯಿರಿ, ಅಲ್ಲೊಂದು ಚೆಂದದ ತೋಟ ಹಾಕಿರಿ. ಅವಳು ಹಾಕಿಕೊಡುತ್ತಿದ್ದಳು. ಅದು ಯಾವ ದೇಶದ ತೋಟವೋ, ಅಲ್ಲಿನ ಹೂವಿನ ಹೆಸರು ಅವಳಿಗೂ ಗೊತ್ತಿರಲಿಲ್ಲ.

ಆದರೆ ಕಂಬಗಳನ್ನು ಒರೆಸುವಾಗ ಅವಳಿಗೆ ಒಳಗೊಳಗೇ ಕಸಿವಿಸಿ. ಅಪ್ಪ ಕಾಡಪ್ಪ ಮೂವತ್ತೊಂದು ವರ್ಷ ಲೈನ್‌ಮನ್ ಆಗಿ ದುಡಿದಿದ್ದ; ತಮ್ಮೂರು ದೊಡವಾಡದ ಸುತ್ತ ಅವನು ಹತ್ತದ ಕಂಬವೇ ಇರಲಿಲ್ಲ. ಹಾಗಾಗಿ ಕತ್ತರಿಸಿ ತೆಗೆದ ತುಣುಕುಗಳನ್ನೆಲ್ಲ ಅವಳು ಒಂದು ಫೋಲ್ಡರಿನಲ್ಲಿ ಕೂಡಿಡುತ್ತ ಹೋದಳು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ, ದೊಡವಾಡದ ಹೊರಗಿನ ಹಳೆಯ ಹುಣಸೆಮರದ ಫೋಟೋ ತೆರೆದು ಆ ತುಣುಕುಗಳನ್ನು ಅದಕ್ಕೆ ಜೋಡಿಸತೊಡಗಿದಳು. ಮರದ ಟೊಂಗೆಗಳು ತುದಿಯಲ್ಲಿ ಸಣ್ಣಗಾಗಿ ತಂತಿಗಳಾದವು. ತಂತಿಗಳು ಕಂಬದಿಂದ ಕಂಬಕ್ಕೆ ಸಾಗಿ, ಕಂಬಗಳ ಬುಡದಲ್ಲಿ ಬೇರೊಡೆದವು. ಬಣವೆಗಳು ಹಿಂದೆ ಗುಡ್ಡದ ಸಾಲಾಗಿ ನಿಂತವು. ಅಂಗಡಿಯ ಮಾಲೀಕ ವಿರೂಪಾಕ್ಷನಿಗೆ ಅದೇನೆಂದು ತಿಳಿಯಲಿಲ್ಲ. ಕೆಲಸ ನಿಲ್ಲದಿದ್ದರೆ ಸಾಕೆಂದು ಸುಮ್ಮನಿದ್ದ.

ಅದೇ ವಾರ ಕಿತ್ತೂರಿನ ಚಿತ್ರಕಲಾ ಶಿಕ್ಷಕಿ ಶೀತಲ ಬ್ಯಾನರ್ ಮಾಡಿಸಲು ಬಂದಳು. ಧಾರವಾಡದಲ್ಲಿ ಅವಳೂ ಗೆಳೆಯರೂ ಸೇರಿ ಒಂದು ಪ್ರದರ್ಶನ ಇಟ್ಟುಕೊಂಡಿದ್ದರು. ಪ್ರಕೃತಿಯನ್ನೂ ಮನುಷ್ಯ ಕಟ್ಟಿದ್ದನ್ನೂ ಕಂಪ್ಯೂಟರಿನಲ್ಲಿ ಬೆಸೆದ ಚಿತ್ರಗಳಷ್ಟೇ ಅಲ್ಲಿರಬೇಕಿತ್ತು. ಪೂನಮ್‌ಳ ಪರದೆ ನೋಡಿದವಳು ಬ್ಯಾನರಿನ ಮಾತು ಬಿಟ್ಟು ಕುರ್ಚಿ ಎಳೆದುಕೊಂಡು ಕುಳಿತಳು. ಎದ್ದು ಹೋಗುವಾಗ, ಈ ಚಿತ್ರವನ್ನು ಹದಿನೈದು ದಿನದೊಳಗೆ ಮುಗಿಸಿ ಪ್ರದರ್ಶನಕ್ಕೆ ಕಳಿಸಿ ಎಂದು ಹೇಳಿ ಹೋದಳು.

ಪೂನಮ್ ಮೊದಲ ಪ್ರಿಂಟನ್ನು ಅಪ್ಪನಿಗೆ ತೋರಿಸಿದಳು. ಕಾಡಪ್ಪ ಚಾಳೀಸು ಮೂಗಿಗೇರಿಸಿಕೊಂಡು, ತಂತಿಯ ಗುಂಟ ಬೆರಳಾಡಿಸುತ್ತ ಹೋಗಿ ಮರದ ಹತ್ತಿರ ನಿಲ್ಲಿಸಿದ.

"ಇಲ್ಲೆ ಲೈನ್ ನೆಟ್ಟಗ ಯಾಕ ಮಾಡೀದಿ?"

"ಚಂದ ಕಾಣಲಿ ಅಂತ, ಅಪ್ಪಾ. ಫೋಟೋದಾಗ ಸೊಟ್ಟ ಇತ್ತು."

ಕಾಡಪ್ಪ ಚಾಳೀಸು ತೆಗೆದು ಕೆಳಗಿಟ್ಟ. ಆಮೇಲೆ, ಮನೆಯಲ್ಲಿ ಎಂದೂ ಹೇಳದಿದ್ದನ್ನು ಹೇಳಿದ. ಇಪ್ಪತ್ತೆರಡು ವರ್ಷದ ಹಿಂದೆ ಹೊಸ ಲೈನಿಗೆ ಗುರುತು ಹಾಕಿದಾಗ ಅದು ಸೀದಾ ಹುಣಸೆಮರದ ಮೇಲೇ ಹಾಯುತ್ತಿತ್ತು. ಮರ ಕಡಿಯಿರೆಂದು ಆದೇಶ. ಎರಡು ಕಂಬ ಹೆಚ್ಚು ಕೊಟ್ಟರೆ ಸುತ್ತು ಹಾಕಿ ಒಯ್ಯಬಹುದೆಂದು ಕಾಡಪ್ಪ ಸಾಹೇಬರ ಮುಂದೆ ಮೂರು ಸಲ ಹೋಗಿ ನಿಂತಿದ್ದ. ಎರಡು ಸಲ ಬೈಸಿಕೊಂಡು ಬಂದ. ಮೂರನೇ ಸಲ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದಾಗ ಒಪ್ಪಿಗೆ ಸಿಕ್ಕಿತು.

"ಗಿಡಾನೂ ಉಳೀತು, ಊರಿಗಿ ಕರೆಂಟೂ ಬಂತು. ಆ ಸೊಟ್ಟ ನಾ ಮಾಡಿದ್ದವಾ," ಎಂದ.

ಪೂನಮ್‌ಗೆ ಆ ಜಾಗ ಗೊತ್ತಿತ್ತು. ದಿನಾ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಬಾಗು ಅದು.

ಚಿತ್ರ ಮತ್ತೆ ಮೊದಲಿನಿಂದ. ಲೈನನ್ನು ಬಾಗಿಸಿದರೆ ಕಂಬಗಳ ನೆರಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಭಾನುವಾರ ಅಪ್ಪನನ್ನೇ ಕರೆದುಕೊಂಡು ಹೋಗಿ ಆ ಎರಡು ಕಂಬಗಳ ಫೋಟೋ ಹೊಸದಾಗಿ ತೆಗೆದಳು. ಬಾಗಿದಲ್ಲಿ ಕಂಬ ವಾಲದಂತೆ ನೆಲಕ್ಕೆ ಬಿಗಿದ ತಂತಿಯನ್ನು ಕಾಡಪ್ಪ ಮುಟ್ಟಿ ತೋರಿಸಿದ. ಅದೂ ಚಿತ್ರದಲ್ಲಿ ಸೇರಿತು. ಹದಿನಾಲ್ಕನೆಯ ದಿನ ಅವಳು ಕಳಿಸಿದಳು.

ಧಾರವಾಡದಲ್ಲಿ ಪ್ರದರ್ಶನ ನಡೆದ ಸಭಾಂಗಣದಲ್ಲಿ ಚಿತ್ರದ ಕೆಳಗೆ ‘ಪೂನಮ್ ಕಾಡಪ್ಪ, ದೊಡವಾಡ’ ಎಂದು ಅಚ್ಚಾಗಿತ್ತು. ಸಾವಿರಾರು ಜನರ ಹೆಸರನ್ನು ಬ್ಯಾನರಿನ ಮೇಲೆ ದೊಡ್ಡದಾಗಿ ಕೂಡಿಸಿದವಳು ತನ್ನ ಹೆಸರನ್ನು ಗೋಡೆಯ ಮೇಲೆ ನೋಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ ಕಾಡಪ್ಪ ಚಿತ್ರದ ಪಕ್ಕ ನಿಂತವನು ಸಂಜೆಯವರೆಗೂ ಕದಲಲಿಲ್ಲ. ಬಂದವರು ಯಾಕೆ ಈ ಬಾಗು ಎಂದು ಕೇಳಿದರೆ ಸಾವಕಾಶ ವಿವರಿಸುತ್ತಿದ್ದ, ಕೇಳದವರಿಗೂ ವಿವರಿಸಿದ. ಕೊನೆಗೆ, "ಮಾಡಿದಾಕಿ ನನ್ನ ಮಗಳರೀ," ಎಂದು ಪೂನಮ್ ಕಡೆ ಕೈ ತೋರುತ್ತಿದ್ದ. ಅವಳು ತಲೆ ತಗ್ಗಿಸಲಿಲ್ಲ. ಬಂದವರ ಮುಖ ನೋಡಿ ನಮಸ್ಕಾರ ಮಾಡಿದಳು.

ಈಗ ಅವಳು ರಾಮದುರ್ಗದ ಕೈಮಗ್ಗಗಳ ಚಿತ್ರ ಕೈಗೆತ್ತಿಕೊಂಡಿದ್ದಾಳೆ. ಮಲಪ್ರಭೆಯ ನೀರು ಮಗ್ಗದ ನೂಲಾಗಿ ಹರಿಯಬೇಕು. ಅದು ಹೇಗೆಂದು ಇನ್ನೂ ಹೊಳೆದಿಲ್ಲ. ಗುರುವಾರ ಬೇಕಾದರೆ ಅಂಗಡಿಗೆ ಬರುವುದು ಬೇಡ, ಹೋಗಿ ಫೋಟೋ ತೆಗೆದುಕೊಂಡು ಬಾ ಎಂದು ವಿರೂಪಾಕ್ಷನೇ ಹೇಳಿದ್ದಾನೆ.