ಅಂಗೈಯಲ್ಲಿ ಎರಡು ಹನಿ ಸಾರು

ಹೋದ ಭಾನುವಾರ ನಮ್ಮವ್ವ ಎರಡು ಹನಿ ಸಾರು ನೆಕ್ಕಿದಳು. ಅಂದಿನಿಂದ ನನ್ನ ತಲೆ ಕೆಟ್ಟಿದೆ.

ನಮ್ಮ ಅಂಬೇವಾಡಿಗೆ ಹಳಿಯಾಳದಿಂದ ಫಾದರ್ ಬರುವುದು ತಿಂಗಳಿಗೊಮ್ಮೆ. ಪೂಜೆ ಮುಗಿದ ಮೇಲೆ ಅವರಿಗೆ ಒಂದೊಂದು ಸಲ ಒಂದೊಂದು ಮನೆಯಲ್ಲಿ ಊಟ. ಈ ಸಲ ನಮ್ಮ ಪಾಳಿ. ಅಂದಿನ ಪೂಜೆಯೂ ತೀರಿಹೋದ ಅಪ್ಪನ ಹೆಸರಿನಲ್ಲೇ. ಪೂಜೆಯ ಕೊನೆಗೆ ಫಾದರ್ ಕೊಡುವ ಪರಮಪ್ರಸಾದವನ್ನು ಅವ್ವ ತೆಗೆದುಕೊಳ್ಳಲೇಬೇಕಾದ ದಿನ.

ಅದಕ್ಕೆ ಮೂರು ತಾಸು ಮುಂಚಿನಿಂದ ಏನೂ ತಿನ್ನುವಂತಿಲ್ಲ. (ಮೊದಲು ನಡುರಾತ್ರಿಯಿಂದ ನೀರೂ ಕುಡಿಯುವಂತಿರಲಿಲ್ಲ. ದೇವರ ಕಾನೂನೂ ಸಡಿಲವಾಗುತ್ತದೆಯೇ?) ಎಂಟಕ್ಕೆ ಪೂಜೆ. ಏಳೂವರೆಗೆ ಅವ್ವ ಮಟನ್ ಸಾರಿನ ಸೌಟೆತ್ತಿ, ರೂಢಿಯಂತೆ ಅಂಗೈಗೆ ಎರಡು ಹನಿ ಹಾಕಿಕೊಂಡು ಉಪ್ಪು ನೋಡಿಯೇಬಿಟ್ಟಳು.

"ಅಯ್ಯ ದೇವರ!" ಎಂದು ನಿಂತಲ್ಲೇ ನಿಂತಳು. ನೋಡಿದ್ದು ನಾನು, ನನ್ನ ಹೆಂಡತಿ ಸಿಸಿಲಿ.

ಸಿಸಿಲಿಯೇ ಯಾಕೆ ನೋಡಬೇಕಿತ್ತು? ಎರಡು ವರ್ಷದ ಹಿಂದೆ ಬಸುರಿಯಾಗಿದ್ದಾಗ ಅವಳು, ತಲೆಸುತ್ತು ಬಂತೆಂದು, ಪೂಜೆಗೆ ಮುಂಚೆ ಅರ್ಧ ಬಾಳೆಹಣ್ಣು ತಿಂದಿದ್ದಳು. ಪ್ರಸಾದಕ್ಕೆ ಎದ್ದವಳನ್ನು ಅವ್ವ ಎಲ್ಲರೆದುರು ಸೆರಗು ಹಿಡಿದು ಕೂರಿಸಿದ್ದಳು. ನಾನು ಪಕ್ಕದಲ್ಲೇ ಇದ್ದೆ, ಸುಮ್ಮನೆ.

ಈಗ ಸೇಡು ತೀರಿಸುತ್ತಾಳೆ ಅಂದುಕೊಂಡೆ. ಅವಳು ಹೇಳಿದ್ದೇ ಬೇರೆ: "ನಾ ಏನೂ ನೋಡಿಲ್ರಿ ಅತ್ತಿ. ಲಗೂನ ಸೀರಿ ಉಡ್ರಿ, ಹೊತ್ತಾತು."

ಪ್ರಸಾದದ ಹೊತ್ತಿಗೆ ಅವ್ವ ಏಳಲಿಲ್ಲ. ಆಶ್ಚರ್ಯ, ಸಿಸಿಲಿಯೂ ಏಳಲಿಲ್ಲ! ನಾನು ಹೋಗಿ ತೆಗೆದುಕೊಂಡು ಬಂದೆ.

"ನಿನಗೇನಾಗಿತ್ತ?" ಎಂದು ಆಮೇಲೆ ಕೇಳಿದೆ.

"ಸುಳ್ಳು ಹೇಳಿದ್ನಲ್ರಿ," ಎಂದಳು.

ಅಂದರೆ ಕಾನೂನು ಮುರಿದವಳು ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡಳು. ಕರುಣೆ ತೋರಿದವಳು ಪಾಪಿಯಾದಳು. ಇದು ಯಾವ ಲೆಕ್ಕ? ನನಗಂತೂ ಬುಡ ತುದಿ ತಿಳಿಯಲಿಲ್ಲ.

ಊಟಕ್ಕೆ ಕೂತ ಫಾದರ್ ಹತ್ತಿರ ಮೆಲ್ಲಗೆ ಎಲ್ಲ ಹೇಳಿದೆ. ಅವರ ತುತ್ತು ಕೈಯಲ್ಲೇ ನಿಂತಿತು.

"ಅಲ್ಲೋ ತಮ್ಮಾ, ಒಂದ ಮಾತ ಮೊದಲ ಹೇಳಿದ್ರ ಹನ್ನೊಂದಕ್ಕ ಪೂಜಿ ಮಾಡ್ತಿದ್ನಲ್ಲೋ! ಅಷ್ಟೊತ್ತಿಗೆ ಮೂರು ತಾಸು ಮುಗೀತಿತ್ತು. ನನ್ನ ಬಸ್ಸ ಇರೂದು ಸಂಜಿಕ್ಕ. ನಿಮ್ಮವ್ವಾರಿಗೆ ನಾಚಿಕಿ, ನಿನ್ನ ಹೇಣ್ತಿಗೆ ಸಂಕೋಚ. ನಿನಗೇನಾಗಿತ್ತು?"

ಒಲೆಯ ಮುಂದೆ ಅವ್ವ ತನಗಿಂತ ಮೊದಲು ಸಿಸಿಲಿಯ ತಟ್ಟೆಗೆ ಬಡಿಸುತ್ತಿದ್ದಳು. ನನಗೆ ನಾಚಿಕೆಯಾಯಿತು.

ಮೂರು ತಾಸು ನನ್ನ ಹೊಟ್ಟೆ ಖಾಲಿ ಇತ್ತು, ಸರಿ; ಬಾಯಿ ಯಾಕೆ ಮುಚ್ಚಿತ್ತು?