ಮಾಯವ್ವನ ಬೋರಿನ ನೀರು

ಹೋದ ವಾರ ನಮ್ಮ ಜಲನಗರದ ಮನೆಗೆ ನೀರು ಶುದ್ಧ ಮಾಡುವ ಯಂತ್ರ ಮಾರುವವನೊಬ್ಬ ಬಂದಿದ್ದ. ಪಾಪ, ಆ ಬಿಸಿಲಲ್ಲಿ ಟೈ ಕಟ್ಟಿಕೊಂಡಿದ್ದ. ಒಂದು ಲೋಟ ನೀರು ಕೇಳಿದ. ಬಾಯಾರಿರಬೇಕು ಎಂದು ತಂದುಕೊಟ್ಟರೆ, ಜೇಬಿನಿಂದ ಪೆನ್ನಿನಂಥ ಒಂದು ಮೀಟರು ತೆಗೆದು ಅದರಲ್ಲಿ ಅದ್ದಿದ. ಯಾವುದೋ ಅಂಕಿ ಬಂತು. ಅದನ್ನು ನನ್ನ ಕಣ್ಣಿನ ಹತ್ತಿರ ಹಿಡಿದು, "ಇದನ್ನ ಕುಡ್ಯಾಕತ್ತೀರೇನ್ರಿ ಮೇಡಮ್?" ಎಂದು ಸಾವಿನ ಮನೆಗೆ ಬಂದವನ ಹಾಗೆ ತಲೆ ಅಲ್ಲಾಡಿಸಿದ. ಲೋಟದ ನೀರಿಗೆ ಮಾತ್ರ ಬಾಯಿ ಹಚ್ಚಲಿಲ್ಲ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಆ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಅವನನ್ನು ಕೂರಿಸಿಕೊಂಡು ಅರ್ಧ ತಾಸು ಪಾಠ ಮಾಡಬಹುದಿತ್ತು. ನನ್ನ ಪಾಠಕ್ಕೆ ಜನ ಎದ್ದು ಓಡುವುದು ಹೊಸದೇನಲ್ಲ. ಆದರೆ ಅವತ್ತು ಬಾಯೇ ಬರಲಿಲ್ಲ. ಬೇರೆಯವರ ನೀರಿನ ಮುಂದೆ ನಾನೂ ಒಮ್ಮೆ ಹೀಗೇ ಉಪಕರಣ ಹಿಡಿದು ನಿಂತಿದ್ದೆ. ಅವನನ್ನು ಕಳಿಸಿ ಬಾಗಿಲು ಹಾಕಿಕೊಂಡ ಮೇಲೆ ಬಿಜ್ಜರಗಿಯ ಮಾಯವ್ವ ನೆನಪಾದಳು.

ಅದಾಗಿ ಎಂಟು ವರ್ಷದ ಮೇಲಾಯಿತು. ನಮ್ಮ ಸೀಮೆಯ ಮಣ್ಣು, ನೀರುಗಳಲ್ಲಿ ಸಹಜವಾಗಿ ಎಷ್ಟು ವಿಕಿರಣವಿದೆ ಎಂದು ಅಳೆಯುವ ಒಂದು ಯೋಜನೆಯಲ್ಲಿ ನಾನಿದ್ದೆ. ವಿಕಿರಣ ಎಂದ ಕೂಡಲೇ ಗಾಬರಿಯಾಗಬೇಡಿ. ಅದು ಕಲ್ಲಿನಲ್ಲಿದೆ, ಬಾಳೆಹಣ್ಣಿನಲ್ಲಿದೆ, ಇದನ್ನು ಓದುತ್ತಿರುವ ನಿಮ್ಮ ಮೈಯಲ್ಲೂ ಚೂರು ಇದೆ. ಅಣು ವಿದ್ಯುತ್ ಸ್ಥಾವರ ಇರುವ ಕಡೆ ಸುತ್ತಲಿನ ಗಾಳಿ, ನೀರು, ಹಾಲು, ಮೀನು ಎಲ್ಲವನ್ನೂ ವರ್ಷವಿಡೀ ಅಳೆಯುತ್ತಿರುತ್ತಾರೆ. ಆದರೆ ನೆಲದ್ದೇ ಸ್ವಂತದ್ದು ಎಷ್ಟು ಎಂದು ಗೊತ್ತಿಲ್ಲದಿದ್ದರೆ, ನಾಳೆ ಹೆಚ್ಚಾದಾಗ ಹೆಚ್ಚಾಯಿತೆಂದು ಹೇಳುವುದು ಹೇಗೆ? ಅದಕ್ಕೇ ಸ್ಥಾವರವಿಲ್ಲದ ನಮ್ಮಂಥ ಊರುಗಳ ಲೆಕ್ಕವೂ ಬೇಕು. ನಮ್ಮ ಕರಿಕಲ್ಲಿನ ನೆಲದಲ್ಲಿ ಅದು ಕಡಿಮೆಯೇ. ಕಡಿಮೆ ಇದೆ ಎಂಬುದನ್ನೂ ಅಳೆದೇ ಹೇಳಬೇಕು ಎನ್ನುವುದು ನಮ್ಮ ಯೋಜನೆಯ ಮುಖ್ಯಸ್ಥರ ಹಟ. ಹಾಗಾಗಿ ಬಬಲೇಶ್ವರ, ತಿಕೋಟಾ ಎಂದು ಜೀಪಿನಲ್ಲಿ ಧೂಳು ತಿನ್ನುತ್ತ ತಿರುಗಿದೆವು.

ನಕಾಶೆಯ ಮೇಲೆ ಚೌಕ ಹಾಕಿ, ಚೌಕಕ್ಕೊಂದು ಬಾವಿ ಅಥವಾ ಬೋರು ಆರಿಸಿಕೊಳ್ಳುತ್ತಿದ್ದೆವು. ಬಿಜ್ಜರಗಿಯಲ್ಲಿ ಒಂದು ಚೌಕಕ್ಕೆ ಮೇಲಿನ ಓಣಿಯ ಗಂಗವ್ವನ ಬಾವಿ ಬಿತ್ತು. ಪಕ್ಕದ ಚೌಕಕ್ಕೆ ಊರ ಅಂಚಿನ ಮಾಯವ್ವನ ಬೋರು.

ಮಾಯವ್ವನಿಗೆ ಅರವತ್ತು ದಾಟಿತ್ತು. ಎತ್ತರದ ಹೆಂಗಸು, ಮಾತು ಕಡಿಮೆ. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಮಗ ಡಿಗ್ರಿ ತೆಗೆದುಕೊಂಡ ದಿನದ ಫೋಟೋ. ಕಂಡವರ ದ್ರಾಕ್ಷಿ ತೋಟದಲ್ಲಿ ದುಡಿದು ಆ ಮಗನನ್ನು ಸಾಲಿ ಮಾಸ್ತರನನ್ನಾಗಿ ಮಾಡಿದ್ದಳು. ಅವನು ಮನೆಯ ಮಗ್ಗುಲಲ್ಲೇ ಅವ್ವನಿಗೆ ಬೋರು ಹಾಕಿಸಿಕೊಟ್ಟಿದ್ದ. ಸುತ್ತಲಿನ ನೀರೆಲ್ಲ ಸವಳು, ಇದೊಂದು ಸಿಹಿ. ಆಕೆಯ ಕೈನೀರು ಎಂದೂ ಕುಡಿಯದಿದ್ದ ಮೇಲಿನ ಓಣಿಯ ಹೆಂಗಸರು ಕೊಡ ಹಿಡಿದು ಅಲ್ಲಿಗೆ ಬರಲು ಶುರುಮಾಡಿ ಎರಡು ಬೇಸಿಗೆ ಕಳೆದಿತ್ತು. ದಿನಾ ಬೆಳಿಗ್ಗೆ ಮೋಟಾರು ಚಾಲೂ ಮಾಡಿ, ಕಟ್ಟೆಯ ಮೇಲೆ ಕೂತು ಕೊಡಗಳ ಆ ಪಾಳಿಯನ್ನು ನೋಡುತ್ತಿದ್ದಳು. "ಎಷ್ಟ ನೋಡಿದ್ರೂ ಸಾಕಾಗಂಗಿಲ್ರಿ ಅಕ್ಕೋರ" ಎಂದು ನನಗೇ ಹೇಳಿದ್ದಳು. ಆಕೆ ಜೀವಮಾನದಲ್ಲಿ ಗಳಿಸಿದ ಮರ್ಯಾದೆ ಆ ಪಾಳಿಯಲ್ಲಿ ನಿಂತಿತ್ತು.

ನೀರು ತೆಗೆಯುವುದೆಂದರೆ ಸುಮ್ಮನೆ ಬಾಟಲಿ ಹಿಡಿಯುವುದಲ್ಲ. ಡಬ್ಬಿಯಲ್ಲಿ ಗಾಳಿಯ ಗುಳ್ಳೆ ಒಂದೂ ಉಳಿಯಬಾರದು. ಉಳಿದರೆ ನೀರಿನಲ್ಲಿ ಕರಗಿರುವ, ನಾವು ಅಳೆಯಬೇಕಾದ ವಿಕಿರಣದ ಅನಿಲ ನೀರು ಬಿಟ್ಟು ಅದರೊಳಗೆ ಸೇರಿಕೊಳ್ಳುತ್ತದೆ. ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು ತುಂಬಿದೆ. ಕೊಡ ಹಿಡಿದ ಹೆಂಗಸರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹಿಗ್ಗಿದ್ದೆ. ಮೂರು ತಿಂಗಳ ನಂತರ ಮತ್ತೆ ಬಂದಾಗ ಗುರುತು ಸಿಗಲೆಂದು, ಗಂಗವ್ವನ ಬಾವಿಯ ಕಟ್ಟೆಗೆ ಅಂಟಿಸಿದ ಹಾಗೇ, ಪೈಪಿಗೆ ನಮ್ಮ ಹಳದಿ ಚೀಟಿ ಅಂಟಿಸಿದೆ. ಅದರ ಮೇಲೊಂದು ನಂಬರು, ಮೂಲೆಯಲ್ಲಿ ವಿಕಿರಣದ ಮೂರು ದಳದ ಚಿತ್ರ.

ಮಾಯವ್ವ ತಾಮ್ರದ ಚೊಂಬನ್ನು ತಿಕ್ಕಿ ತೊಳೆದು ನೀರು ತುಂಬಿಕೊಂಡು ಬಂದಳು. "ಬಿಸಲಾಗ ಬಂದೀರಿ, ಕುಡೀರಿ ಅಕ್ಕೋರ."

"ಬ್ಯಾಡ ಮಾಯವ್ವ. ನೀರ ತಗೊಂಡ ಜಾಗಾದಾಗ ನಾವು ಏನೂ ಕುಡೀಬಾರದು, ನಿಯಮ ಐತಿ" ಎಂದೆ. ಎಂದವಳು ಚೀಲದಿಂದ ನನ್ನ ಬಾಟಲಿ ತೆಗೆದು ಎಲ್ಲರೆದುರಿಗೆ ಗಟಗಟ ಕುಡಿದೆ. ಅಂಥ ನಿಯಮ ನಿಜಕ್ಕೂ ಇತ್ತು. ಮಾಯವ್ವ ಚೊಂಬು ಒಳಗಿಟ್ಟಳು.

ಮೂರು ತಿಂಗಳು ಬಿಟ್ಟು ಹೋದಾಗ ಬೋರಿನ ಹತ್ತಿರ ಒಂದು ಕೊಡವೂ ಇರಲಿಲ್ಲ. ಮಾಯವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಅಂಗನವಾಡಿಗೆ ಹೊರಟಿದ್ದ ಸೊಸೆ ಸುಜಾತಾ ಸಂಗತಿ ಹೇಳಿದಳು. "ತಿಕೋಟಾದ ದವಾಖಾನ್ಯಾಗ ಎಕ್ಸ್‌ರೇ ಖೋಲಿ ಬಾಗಲಕ್ಕ ನಿಮ್ಮ ಚೀಟಿ ಮ್ಯಾಲಿಂದ ಚಿತ್ರ ಐತಂತ್ರಿ, ಬಸರಿದ್ದಾರು ಒಳಗ ಬರಬಾರ್ದಂತ. ಯಾರೋ ನೋಡಿ ಬಂದು ಊರ ತುಂಬಾ ಹೇಳ್ಯಾರ." ಮೊದಲು ಬಸುರಿಯರಿದ್ದ ಮನೆಯವರು ಬಿಟ್ಟರು. ಗಂಗವ್ವನ ಸೊಸೆಯೂ ಬಸುರಿ. ಆಮೇಲೆ ಒಬ್ಬರನ್ನು ನೋಡಿ ಒಬ್ಬರು ಬಿಟ್ಟು, ಮತ್ತೆ ಸವಳು ನೀರಿಗೇ ಗಂಟು ಬಿದ್ದಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಪರೀಕ್ಷೆಯ ಫಲಿತಾಂಶ ನನ್ನ ಚೀಲದಲ್ಲೇ ಇತ್ತು: ವಿಕಿರಣದ ಮಟ್ಟಿಗೆ ಮಾಯವ್ವನ ನೀರಿಗೂ ಗಂಗವ್ವನ ನೀರಿಗೂ ಹೇಳಿಕೊಳ್ಳುವಂಥ ಫರಕಿಲ್ಲ, ಎರಡೂ ಮಿತಿಗಿಂತ ಬಹಳ ಕೆಳಗೆ. ಯೋಜನೆಯ ಮೇಲಧಿಕಾರಿಗಳ ಒಪ್ಪಿಗೆ ಬರುವವರೆಗೆ ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಆದರೂ ಮಾಯವ್ವನ ಕಿವಿಯಲ್ಲಿ ಹೇಳಿದೆ. "ನಿಮ್ಮ ನೀರಾಗ ಏನೂ ದೋಷ ಇಲ್ಲ. ಆ ಚೀಟಿ ಕಿತ್ತ ಒಗದಿದ್ರ ಆಗತಿತ್ತಲ್ಲ ಮಾಯವ್ವ?"

"ಚೀಟಿ ಸುದ್ದಿ ಬಂದ ದಿನಾನ ಕಿತ್ತೀನ್ರಿ. ನೀವು ಕುಡೀಲಿಲ್ಲಲ್ಲ, ಅದನ್ನ ಹೆಂಗ ಕೀಳಲಿ?"

ನಿಯಮ ಎಂದು ನಾನು ಬಾಯಿ ತೆರೆದೆ.

"ಅವತ್ತ ಮುಂಜಾನಿ ಗಂಗವ್ವನ ಬಾವಿ ನೀರೂ ತಗೊಂಡ್ರಿ. ಅಲ್ಲೇ ಕುಂತು ಮಜ್ಜಿಗಿ ಕುಡದು ಬಂದ್ರಿ. ನಿಯಮ ಅಲ್ಲಿರಲಿಲ್ಲೇನ್ರಿ?"

ಆಕೆ ಜಗಳ ತೆಗೆಯಲಿಲ್ಲ, ಸಾವಕಾಶ ಕೇಳಿದಳು. ಮಜ್ಜಿಗೆ ಕುಡಿದದ್ದು ನಿಜ. ಗಂಗವ್ವ ಕೊಟ್ಟಾಗ ನಿಯಮ ನೆನಪಿಗೇ ಬರಲಿಲ್ಲ, ಮಾಯವ್ವ ಕೊಟ್ಟಾಗ ತಾನಾಗಿ ನೆನಪಾಯಿತು. ಯಾಕೆ? ನೀವು ಕೇಳಿದ್ದರೆ, ನಾನು ಅಂಥದ್ದನ್ನೆಲ್ಲ ನೋಡುವವಳಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಈಗಲೂ ಹೇಳಬೇಕೆನಿಸುತ್ತದೆ. ಆದರೆ ಅವತ್ತು ಕೈ ಮಾಡಿದ ಕೆಲಸ ಬೇರೆಯೇ ಆಗಿತ್ತು, ಊರು ಅದನ್ನು ಸರಿಯಾಗಿಯೇ ನೋಡಿತ್ತು. ನಾಚಿಕೆಯಿಂದ ನೆಲ ನೋಡುತ್ತ ನಿಂತೆ.

"ಕೊಡ್ರಿ ಈಗ ಕುಡೀತೀನಿ. ಎಲ್ಲಾರ್ನೂ ಕರೀರಿ, ನೋಡ್ಲಿ" ಎಂದು ಕೈ ಚಾಚಿದೆ.

"ಬ್ಯಾಡ್ರಿ. ಮಂದಿಗೆ ತೋರಸಾಕ ಕುಡೀಬ್ಯಾಡ್ರಿ. ನೀರಡಿಕಿ ಆದಾಗ ಬರ್ರಿ, ಕೊಡ್ತೀನಿ."

ಅಲ್ಲಿಂದ ನೇರ ಗಂಗವ್ವನ ಮನೆಗೆ ಹೋದೆ. ಓಣಿಯ ಹೆಂಗಸರು ಸೇರಿದರು. ಅಂಕಿಗಳನ್ನು ಹೇಳಿದೆ. "ಅವೆಲ್ಲ ನಮಗೇನ ತಿಳೀತಾವ್ರಿ" ಎಂದಳು ಗಂಗವ್ವ. ಆಗ ಕಾಗದ ಮಡಚಿಟ್ಟು ಹೇಳಿದೆ: "ನಿಮ್ಮ ಬಾವಿ ನೀರು ಹೆಂಗ ಐತಿ, ಆ ಬೋರಿನ ನೀರೂ ಹಂಗ ಐತಿ. ಇಲ್ಲಿ ಮಜ್ಜಿಗಿ ಕುಡದು ಅಲ್ಲಿ ನೀರು ಬ್ಯಾಡ ಅಂದದ್ದು ನನ್ನ ತಪ್ಪು. ನೀರಿಂದೇನೂ ತಪ್ಪಿಲ್ಲ." ಗಂಗವ್ವ ಸೊಸೆಯ ಹೊಟ್ಟೆಯ ಕಡೆ ನೋಡಿ, ನನ್ನ ಕಡೆ ನೋಡಿ, ಒಳಗೆ ಹೋದಳು.

ಫಲಿತಾಂಶ ಮೊದಲೇ ಬಾಯಿಬಿಟ್ಟದ್ದಕ್ಕೆ ಮುಖ್ಯಸ್ಥರಿಂದ ಮಂಗಳಾರತಿ ಆಯಿತು. ಪೂರ್ತಿ ಬೈದು ಮುಗಿಸಿದ ಮೇಲೆ ಅವರು ಚೀಟಿಯ ಕಥೆ ಕೇಳಿದರು. "ಅಳೆಯಲು ಹೋದವರೇ ಹೆದರಿಸಿ ಬಂದರೆ, ನಾಳೆ ನಿಜವಾದ ಅಪಾಯ ಬಂದಾಗ ನಮ್ಮ ಮಾತು ಯಾರು ಕೇಳುತ್ತಾರೆ?" ಎಂದು ಚಿತ್ರವಿಲ್ಲದ ಬಿಳಿ ಚೀಟಿ ಮಾಡಿಸಿದರು. ನೀರು ಕೊಟ್ಟವರಿಗೆ ಅವರ ನೀರಿನ ಸಂಗತಿಯನ್ನು ಮೊದಲು ತಿಳಿಸಬೇಕೆಂದು ಮೇಲಿನವರಿಗೆ ಬರೆದು ಒಪ್ಪಿಗೆ ತಂದರು. ವಾರದ ಮೇಲೆ ಸುಜಾತಾ ಫೋನು ಮಾಡಿ, ಮೊದಲ ಕೊಡ ಗಂಗವ್ವನದೇ ಬಂತು, ಪಾಳಿ ಮತ್ತೆ ಶುರುವಾಯಿತು ಎಂದಳು. ಎರಡು ಮೂರು ಮನೆಯವರು ಮಾತ್ರ ಕಡೆಗೂ ಬರಲಿಲ್ಲವಂತೆ.

ಇಷ್ಟು ವರ್ಷಗಳಲ್ಲಿ ಅಥಣಿ ರಸ್ತೆ ಹಿಡಿದು ಎಷ್ಟೋ ಸಲ ಓಡಾಡಿದ್ದೇನೆ. ಬಿಜ್ಜರಗಿಯ ಕಡೆ ತಿರುಗಲಿಲ್ಲ. ಕೆಲಸ, ಪರೀಕ್ಷೆ, ಮೌಲ್ಯಮಾಪನ ಎಂದು ನೆಪ ಹೇಳಿಕೊಂಡೆ. ನಿಜವೆಂದರೆ ಮುಖ ತೋರಿಸಲು ಸಂಕೋಚ. ಈ ಭಾನುವಾರ ಮನಸ್ಸು ಗಟ್ಟಿ ಮಾಡಿ ಬಸ್ಸು ಹತ್ತಿದೆ. ಇಳಿದು ನಡೆಯುವಷ್ಟರಲ್ಲಿ ನಾಲಿಗೆ ಒಣಗಿತ್ತು.

ಮಾಯವ್ವ ಬಾಗಿದ್ದಾಳೆ, ಕಣ್ಣು ಮಂಜು. ದನಿಯಿಂದ ಗುರುತು ಹಿಡಿದಳು. "ನೀರಡಿಕಿ ಆಗೇತಿ ಮಾಯವ್ವ" ಎಂದೆ. ಗೋಡೆ ಹಿಡಿದು ಒಳಗೆ ಹೋಗಿ, ಚೊಂಬು ತುಂಬಿಕೊಂಡು ಬಂದಳು. ನಾನು ಒಂದೇ ಉಸಿರಿಗೆ ಕುಡಿದೆ. ಮನಸ್ಸು ಹಗುರಾಯಿತು. ನಿಮ್ಮ ಬೋರಿನ ನೀರು ಈಗಲೂ ಸಿಹಿ ಇದೆ ಎಂದು ಹೇಳಿದೆ.

"ಇದು ನಳದ್ದರಿ, ಹೊಳಿ ನೀರು" ಎಂದಳು ಮಾಯವ್ವ. "ಈಗ ಎಲ್ಲಾರ ಮನಿಗೂ ಬಂದೈತಿ. ಯಾರೂ ಯಾರ ಮನಿಗೂ ನೀರಿಗೆ ಹೋಗೂದಿಲ್ಲ. ನಮ್ಮ ಬೋರ್ ಬತ್ತಿ ಎರಡು ವರ್ಷಾತು."

ಆಕೆ ನನ್ನ ಕೈಯಿಂದ ಖಾಲಿ ಚೊಂಬು ತೆಗೆದುಕೊಂಡಳು.

"ತಡಾ ಮಾಡಿದ್ರಿ ಅಕ್ಕೋರ."